ದೂರದಲ್ಲಿ ನಿಂತು ನೋಡಿದ ಪ್ರೀತಿ

ಭಾನುವಾರದ ಆನ್‌ಲೈನ್ ಆರಾಧನೆ, 2021 ಜೂನ್ 6
ವಾಕ್ಯಭಾಗ: ಲೂಕ 23:49–56, 24:1–3

ನಿಮ್ಮ ಹತ್ತಿರ ಬೈಬಲ್ ಇದ್ದರೆ ಲೂಕನ ಸುವಾರ್ತೆ 23ನೇ ಅಧ್ಯಾಯ ತೆಗೀರಿ. 49ನೇ ವಚನದಿಂದ ಕೊನೆಯವರೆಗೆ ಒಂದು ಸಾರಿ ಮನಸ್ಸಲ್ಲೇ ಓದಿಕೊಳ್ಳಿ. ಆಮೇಲೆ 24ನೇ ಅಧ್ಯಾಯದ ಮೊದಲ ಮೂರು ವಚನ.

ಓದಿದ್ರಾ? ಇವತ್ತು ನಾನು ಮಾತಾಡ್ತಿರೋದು ಸಮಾಧಿಯ ಬಗ್ಗೆ. ಸಾಮಾನ್ಯವಾಗಿ ಈ ಭಾಗವನ್ನು ನಾವು ಶುಭ ಶುಕ್ರವಾರಕ್ಕೂ ಈಸ್ಟರ್‌ಗೂ ಮಧ್ಯೆ ಬೇಗ ಬೇಗ ದಾಟಿಬಿಡ್ತೀವಿ. ಶಿಲುಬೆಯ ಮೇಲೆ ಮೆಸೇಜ್ ಇದೆ, ಪುನರುತ್ಥಾನದ ಮೇಲೆ ಮೆಸೇಜ್ ಇದೆ, ಯೇಸುವಿನ ಅಂತ್ಯಕ್ರಿಯೆಯ ಮೇಲೆ ಮೆಸೇಜ್ ಕೇಳಿದ್ದು ಅಪರೂಪ. ಆದರೆ ಕಳೆದ ಎರಡು ತಿಂಗಳಲ್ಲಿ ನಮ್ಮ ಸಭೆಯವರಿಂದ ನನಗೆ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಬಗ್ಗೆನೇ.

ಎರಡು ಥರದ ಪ್ರಶ್ನೆ ಬರ್ತಿವೆ. ಒಂದು ಹೀಗೆ: "ಪಾಸ್ಟರ್, ನಮ್ಮ ಅಜ್ಜಿ ಐವತ್ತು ವರ್ಷದ ವಿಶ್ವಾಸಿ. ಎಷ್ಟು ಜನರಿಗೆ ಅನ್ನ ಹಾಕಿದ್ದಾರೆ. ಅವರ ಮಣ್ಣಿಗೆ ಬರೀ ಐದು ಜನ ಅಂದ್ರೆ ಹೇಗೆ? ಮನೆ ಒಳಗೇ ಯಾರಿಗೂ ಗೊತ್ತಾಗದ ಹಾಗೆ ಒಂದು ಕೂಟ ಇಟ್ಕೊಂಡ್ರೆ ಏನಾಗುತ್ತೆ?" ಇನ್ನೊಂದು ಹೀಗೆ: "ಅಣ್ಣ, ಅಪ್ಪನ್ನ ಆಂಬುಲೆನ್ಸಲ್ಲಿ ಕರ್ಕೊಂಡು ಹೋದಾಗ ನಾನು ಪಾಸಿಟಿವ್ ಆಗಿ ರೂಮಲ್ಲಿದ್ದೆ. ಆಮೇಲೆ ಮುಖ ನೋಡಲೇ ಇಲ್ಲ. ವಿಡಿಯೋ ಕಾಲಲ್ಲಿ ಮಣ್ಣು ಹಾಕೋದು ನೋಡ್ದೆ. ನಾನು ಅಪ್ಪನಿಗೆ ಅನ್ಯಾಯ ಮಾಡಿದ್ನಾ?"

ಮೊದಲನೆಯವರು ನಿಯಮ ಮುರಿಯೋಣವಾ ಅಂತ ಕೇಳ್ತಿದ್ದಾರೆ. ಎರಡನೆಯವರು ನಿಯಮ ಪಾಲಿಸಿ ಒಳಗೊಳಗೇ ಸಾಯ್ತಿದ್ದಾರೆ. ಇಬ್ಬರಿಗೂ ಉತ್ತರ ಇದೇ ಭಾಗದಲ್ಲಿದೆ ಅಂತ ನಾನು ನಂಬ್ತೀನಿ.

ಯೇಸುವಿನ ಮಣ್ಣಿಗೆ ಎಷ್ಟು ಜನ ಬಂದಿದ್ರು? ಲೆಕ್ಕ ಹಾಕೋಣ. ಅರಿಮಥಾಯದ ಯೋಸೇಫ ಒಬ್ಬ. ಯೋಹಾನನ ಸುವಾರ್ತೆ ನೋಡಿದ್ರೆ ನಿಕೊದೇಮ ಇನ್ನೊಬ್ಬ. ಗಲಿಲಾಯದಿಂದ ಬಂದಿದ್ದ ಕೆಲವು ಸ್ತ್ರೀಯರು, ಅವರಲ್ಲಿ ಮಗ್ದಲದ ಮರಿಯಳು ಒಬ್ಬಳು. ಅಷ್ಟೇ. ಐದು ಸಾವಿರ ಜನಕ್ಕೆ ರೊಟ್ಟಿ ಕೊಟ್ಟವರ ಮಣ್ಣಿಗೆ ಐದು ಸಾವಿರ ಜನ ಬರಲಿಲ್ಲ. ಪೇತ್ರ ಅಲ್ಲಿದ್ದ ಅಂತ ಯಾವ ಸುವಾರ್ತೆಯೂ ಹೇಳೋದಿಲ್ಲ. ಅನುಮತಿ ಇಲ್ಲದೆ ದೇಹ ಇಳಿಸೋ ಹಾಗಿರಲಿಲ್ಲ. ಯೋಸೇಫ ಪಿಲಾತನ ಹತ್ತಿರ ಹೋಗಿ ಕೇಳಬೇಕಾಯ್ತು. ಸಮಯವೂ ಇರಲಿಲ್ಲ, ಸೂರ್ಯ ಮುಳುಗಿದರೆ ಸಬ್ಬತ್ತು ಶುರು. ಸ್ವಂತ ಊರಲ್ಲ, ಸ್ವಂತ ಸಮಾಧಿಯೂ ಅಲ್ಲ.

ಸರ್ಕಾರದ ಪರ್ಮಿಷನ್, ಟೈಮ್ ಲಿಮಿಟ್, ಬೆರಳೆಣಿಕೆಯಷ್ಟು ಜನ, ಆತುರದಲ್ಲಿ ಮುಗಿದ ಕೆಲಸ. ಈ ಎರಡು ತಿಂಗಳಲ್ಲಿ ಇಂಥ ಅಂತ್ಯಕ್ರಿಯೆಯನ್ನು ನೀವು ಎಲ್ಲಿ ನೋಡಿದ್ರಿ ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮ ಅಪ್ಪನ ಮಣ್ಣು ಚಿಕ್ಕದಾಯ್ತು ಅಂತ ನಾಚಿಕೆಪಡ್ತಿರೋ ತಂಗಿ, ತಮ್ಮ, ಕೇಳಿಸ್ಕೊಳ್ಳಿ. ನಿಮ್ಮ ರಕ್ಷಕನ ಮಣ್ಣೂ ಚಿಕ್ಕದೇ ಆಗಿತ್ತು. ಅದನ್ನು ಅಗೌರವ ಅಂತ ತಂದೆಯಾದ ದೇವರು ಎಣಿಸಲಿಲ್ಲ. ಆಮೆನ್?

ಈಗ ಆ ಸ್ತ್ರೀಯರನ್ನು ನೋಡಿ. 49ನೇ ವಚನದಲ್ಲಿ ಅವರು ದೂರದಲ್ಲಿ ನಿಂತು ಶಿಲುಬೆಯನ್ನು ನೋಡ್ತಿದ್ದಾರೆ. 55ರಲ್ಲಿ ಹಿಂದೆ ಹಿಂದೆ ಹೋಗಿ ಸಮಾಧಿ ಎಲ್ಲಿದೆ, ದೇಹ ಹೇಗೆ ಇಟ್ರು ಅಂತ ನೋಡ್ತಾರೆ. ಮುಟ್ಟಿದರು ಅಂತ ಇಲ್ಲ. ಮನೆಗೆ ಹೋಗಿ ಸುಗಂಧದ್ರವ್ಯ, ತೈಲ ಸಿದ್ಧ ಮಾಡ್ತಾರೆ. ಆಮೇಲೆ? ಎಲ್ಲ ರೆಡಿ ಇದ್ದರೂ, ಸಮಾಧಿ ಎಲ್ಲಿದೆ ಅಂತ ಗೊತ್ತಿದ್ದರೂ, ಆಜ್ಞೆ ಇದೆ ಅಂತ ಸಬ್ಬತ್ತಿನ ದಿನ ಸುಮ್ಮನಿದ್ರು. ಆ ಒಂದು ದಿನ ಅವರಿಗೆ ಎಷ್ಟು ಉದ್ದ ಆಗಿರಬೇಕು ಯೋಚಿಸಿ. ಪ್ರೀತಿ ಇಲ್ಲದೆ ನಿಂತವರಲ್ಲ ಅವರು. ಅವರಷ್ಟು ಪ್ರೀತಿ ಮಾಡಿದವರು ಇನ್ಯಾರೂ ಅಲ್ಲಿರಲಿಲ್ಲ. ಪ್ರೀತಿ ಇದ್ದೂ ನಿಂತರು, ದೇವರ ಆಜ್ಞೆಗೆ ತಲೆಬಾಗಿ ನಿಂತರು.

ಇವತ್ತು ನಮ್ಮನ್ನು ನಿಲ್ಲಿಸೋ ಆಜ್ಞೆ ಯಾವುದು? ಸಬ್ಬತ್ತಿನದ್ದಲ್ಲ. ನರಹತ್ಯೆ ಮಾಡಬಾರದು ಅನ್ನೋ ಆಜ್ಞೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

2020ರ ಆರಂಭದಲ್ಲಿ ಅಮೆರಿಕದ ಶಿಕಾಗೋದಲ್ಲಿ ನಡೆದದ್ದು. ಅಲ್ಲಿನ ಆರೋಗ್ಯ ಅಧಿಕಾರಿಗಳು ಅದನ್ನು ತನಿಖೆ ಮಾಡಿ ಪ್ರಕಟಿಸಿದ್ದಾರೆ. ಒಂದು ಕುಟುಂಬದಲ್ಲಿ ಸಾವಾಗಿತ್ತು. ಸತ್ತವರಿಗೆ ಕೊರೊನಾ ಇರಲಿಲ್ಲ, ಬೇರೆ ಕಾರಣ. ಕುಟುಂಬದ ಸ್ನೇಹಿತರೊಬ್ಬರು ಮಣ್ಣಿಗೆ ಬಂದ್ರು. ಅವರಿಗೆ ಸ್ವಲ್ಪ ನೆಗಡಿ ಥರ ಇತ್ತು, ಅಷ್ಟೇ. ಹಿಂದಿನ ರಾತ್ರಿ ದುಃಖದಲ್ಲಿದ್ದ ಇಬ್ಬರ ಜೊತೆ ಕೂತು ಊಟ ಮಾಡಿದ್ರು. ಮಾರನೇ ದಿನ ಮನೆಯವರನ್ನು ಅಪ್ಪಿಕೊಂಡು ಸಮಾಧಾನ ಹೇಳಿದ್ರು. ಕೆಲವು ದಿನ ಬಿಟ್ಟು ತಮ್ಮ ಕುಟುಂಬದಲ್ಲೇ ಒಂದು ಹುಟ್ಟುಹಬ್ಬಕ್ಕೂ ಹೋದ್ರು. ಕೊನೆಗೆ ಈ ಎರಡು ಕೂಟಗಳಿಂದ ಒಟ್ಟು 16 ಜನಕ್ಕೆ ಸೋಂಕು ತಗುಲಿತು ಅಂತ ಗುರುತಿಸಿದ್ರು. ಮೂವರು ತೀರಿಕೊಂಡ್ರು. ಆ ಮನುಷ್ಯ ಯಾರಿಗೂ ಕೆಟ್ಟದ್ದು ಬಯಸಲಿಲ್ಲ. ಒಳ್ಳೇ ಸ್ನೇಹಿತ ಏನು ಮಾಡ್ತಾನೋ ಅದನ್ನೇ ಮಾಡಿದ. ಬಂದ, ಅಪ್ಪಿಕೊಂಡ, ಜೊತೆಗೆ ಉಂಡ.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಎಲ್ಲರೂ ಹೆದರೋದು ಹೆಣಕ್ಕೆ. ಆದರೆ ಆ ಪೆಟ್ಟಿಗೆಯಲ್ಲಿ ಕೊರೊನಾ ಇರಲೇ ಇಲ್ಲ. ಈ ಕಾಯಿಲೆಯ ವಿಷಯದಲ್ಲಿ ಸಾವಿನ ಮನೆಯ ದೊಡ್ಡ ಅಪಾಯ ಪೆಟ್ಟಿಗೆ ಒಳಗಿರೋದಕ್ಕಿಂತ ಪೆಟ್ಟಿಗೆ ಸುತ್ತ ನಿಂತಿರೋರ ಉಸಿರಲ್ಲಿದೆ. 2020ರ ಮಾರ್ಚ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಮೃತದೇಹದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಈ ರೋಗ ಮುಖ್ಯವಾಗಿ ಹರಡೋದು ಉಸಿರಿನ ಹನಿಗಳಿಂದ, ಎಚ್ಚರಿಕೆ ಪಾಲಿಸಿದ್ರೆ ದೇಹದಿಂದ ಮನೆಯವರಿಗೆ ಹೆಚ್ಚುವರಿ ಅಪಾಯ ಆಗೋ ಸಾಧ್ಯತೆ ಕಡಿಮೆ, ಬೂದಿಯಿಂದ ಏನೂ ಅಪಾಯ ಇಲ್ಲ ಅಂತ ಅದರಲ್ಲಿದೆ. ಅದೇ ಮಾರ್ಗಸೂಚಿಯಲ್ಲಿ, ಸಿಬ್ಬಂದಿ ಬಾಡಿ ಬ್ಯಾಗಿನ ಜಿಪ್ ಮುಖದ ಕಡೆ ತೆಗೆದು ಮನೆಯವರಿಗೆ ಕೊನೇ ಸಾರಿ ಮುಖ ತೋರಿಸಬಹುದು, ದೇಹ ಮುಟ್ಟದೆ ಧರ್ಮಗ್ರಂಥ ಓದಬಹುದು ಅಂತಲೂ ಇದೆ. ಸ್ನಾನ ಮಾಡಿಸೋದು, ಮುತ್ತಿಡೋದು, ಅಪ್ಪಿಕೊಳ್ಳೋದು ಬೇಡ ಅಂತ ಇದೆ. ಇದು ಎಷ್ಟು ಜನಕ್ಕೆ ಗೊತ್ತು? ಮುಖ ನೋಡೋಕೆ ಕೇಳಬಹುದು ಅಂತಲೇ ಗೊತ್ತಿಲ್ಲದೆ ಎಷ್ಟು ಮನೆಯವರು ಸುಮ್ಮನೆ ವಾಪಸ್ ಬಂದಿದ್ದಾರೆ!

ಹಾಗಾದ್ರೆ ಜನರ ಸಂಖ್ಯೆ ಯಾಕೆ ಕಡಿಮೆ ಮಾಡ್ತಾರೆ? ಉಸಿರಿಗೋಸ್ಕರ. ಕಳೆದ ವರ್ಷ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ 20 ಜನ ಅಂತ ಮಿತಿ ಇತ್ತು, ಈ ಲಾಕ್‌ಡೌನಲ್ಲಿ ನಮ್ಮ ರಾಜ್ಯದಲ್ಲಿ 5 ಜನ. ನಮ್ಮಂಥ ಸಭೆಗಳಿಗೆ ಇನ್ನೊಂದು ಮಾತು. ನಾವು ಹಾಡೋ ಜನ. ಸಾವಿನ ಮನೆಯಲ್ಲೂ ಬಾಯಿ ತುಂಬ ಹಾಡ್ತೀವಿ, ಗಟ್ಟಿಯಾಗಿ ಪ್ರಾರ್ಥಿಸ್ತೀವಿ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅಳ್ತೀವಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಕಾಯರ್‌ನ 61 ಜನ ಎರಡೂವರೆ ಗಂಟೆ ಪ್ರಾಕ್ಟೀಸ್ ಮಾಡಿದ್ರು. ದೃಢಪಟ್ಟವರು, ಲಕ್ಷಣ ಇದ್ದವರು ಸೇರಿ 53 ಜನಕ್ಕೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡ್ರು. ಮುಚ್ಚಿದ ಮನೆಯೊಳಗೆ ಅಜ್ಜಿಗೋಸ್ಕರ ಇಟ್ಟ ಕೂಟ ಅಜ್ಜನ ಸಾವಿಗೆ ಕಾರಣ ಆಗಬಾರದು. ಅಜ್ಜಿ ಬದುಕಿದ್ದಿದ್ರೆ ಅದಕ್ಕೆ ಒಪ್ತಿದ್ರಾ? ಐವತ್ತು ವರ್ಷ ಜನರಿಗೆ ಅನ್ನ ಹಾಕಿದ ಕೈ ಅದು.

ಈಗ ಕೆಲವರ ಮನಸ್ಸಲ್ಲಿ ಏನು ಬರ್ತಿದೆ ಅಂತ ನನಗೆ ಗೊತ್ತು. "ಪಾಸ್ಟರ್, ನಂಬಿಕೆ ಎಲ್ಲಿ ಹೋಯ್ತು? ನಾವು ರಕ್ತದ ಕೆಳಗಿದ್ದೀವಿ. ಕೀರ್ತನೆ 91 ಇದೆಯಲ್ಲ?" ಇದೆ. ಆ ಕೀರ್ತನೆಯನ್ನು ನಾನೂ ದಿನಾ ಓದ್ತೀನಿ. ನಿಮ್ಮಲ್ಲಿ ಅರ್ಧ ಜನರ ಸ್ಟೇಟಸಲ್ಲಿ ಅದೇ ಇದೆ. ಆದರೆ ಒಂದು ವಿಷಯ ಮರೆಯಬೇಡಿ. ಬೈಬಲಲ್ಲಿ ಸೈತಾನ ಬಾಯಿಪಾಠ ಮಾಡ್ಕೊಂಡು ಬಂದು ಯೇಸುವಿಗೆ ಹೇಳಿದ ವಾಕ್ಯ ಯಾವುದು? ಅದೇ 91ನೇ ಕೀರ್ತನೆ. ಮತ್ತಾಯ 4ನೇ ಅಧ್ಯಾಯ ನೋಡಿ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡೀತಾರೆ ಅಂದ. ವಾಕ್ಯ ಸುಳ್ಳಲ್ಲ. ಅದನ್ನು ಬಳಸಿದ ರೀತಿ ತಪ್ಪು. ಯೇಸು ಏನು ಉತ್ತರ ಕೊಟ್ರು? ದೇವರನ್ನು ಪರೀಕ್ಷೆ ಮಾಡಬಾರದು ಅಂತ. ಮೆಟ್ಟಿಲು ಇರುವಾಗ ಇಳಿದು ಬರೋದು ಅವಿಶ್ವಾಸ ಅಲ್ಲ, ಪ್ರಿಯರೇ. ಮಾಸ್ಕ್ ಇರುವಾಗ ಹಾಕ್ಕೊಳ್ಳೋದು, ದೂರ ಇರುವಾಗ ನಿಲ್ಲೋದು ಅವಿಶ್ವಾಸ ಅಲ್ಲ. ಅದಕ್ಕಿಂತ ಮುಖ್ಯ, ಧುಮುಕಿದ್ರೆ ನನ್ನೊಬ್ಬನ ಮೂಳೆ ಮುರಿಯುತ್ತೆ. ಇಲ್ಲಿ ನನ್ನ ಧೈರ್ಯಕ್ಕೆ ಬೆಲೆ ಕಟ್ಟೋದು ಪಕ್ಕದ ಮನೆಯ ಶುಗರ್ ಪೇಷೆಂಟು.

ಹಳೇ ಒಡಂಬಡಿಕೆಯಲ್ಲೂ ಇದಕ್ಕೆ ಜಾಗ ಇದೆ. ಅರಣ್ಯಕಾಂಡ 19ರಲ್ಲಿ ಹೆಣ ಮುಟ್ಟಿದವನು ಏಳು ದಿನ ಅಶುದ್ಧ. ಮೂರನೇ ದಿನ, ಏಳನೇ ದಿನ ಶುದ್ಧೀಕರಣದ ನೀರು, ಕೊನೆಗೆ ಬಟ್ಟೆ ಒಗೆದು ಸ್ನಾನ. ಅದು ಆರಾಧನೆಯ ನಿಯಮ, ಮೆಡಿಕಲ್ ಪುಸ್ತಕ ಅಂತ ನಾನು ಹೇಳೋದಿಲ್ಲ. ಆದರೆ ಎರಡು ವಿಷಯ ಅದರಲ್ಲಿ ಸ್ಪಷ್ಟ. ಸತ್ತವರನ್ನು ಮುಟ್ಟಿ ಹೂಳೋದು ಪಾಪ ಅಂತ ದೇವರು ಹೇಳಲಿಲ್ಲ, ಯಾರಾದ್ರೂ ಮಾಡಲೇಬೇಕು. ಮಾಡಿದವನು ಸ್ವಲ್ಪ ದಿನ ಪಾಳೆಯದವರಿಂದ ಬೇರೆ ಇದ್ದು ಆಮೇಲೆ ಸೇರ್ಕೊಳ್ಳಲಿ ಅಂದ್ರು. ಬೇರೆ ಇರೋದು ಅವಮಾನ ಅಲ್ಲ. ನಿಮ್ಮ ಪಕ್ಕದ ಮನೆಯವರು ಮಣ್ಣು ಮುಗಿಸಿ ಬಂದು ಕ್ವಾರಂಟೈನಲ್ಲಿದ್ರೆ ಅವರನ್ನು ನೋಡಿ ಬಾಗಿಲು ಧಡ್ ಅಂತ ಹಾಕಬೇಡಿ.

ಇಲ್ಲಿಂದ ಮೆಸೇಜ್‌ನ ಇನ್ನೊಂದು ಬದಿಗೆ ಬರ್ತೀನಿ. ಎಚ್ಚರಿಕೆ ಬೇರೆ, ಭಯ ಬೇರೆ. ಎಚ್ಚರಿಕೆ ದೂರ ನಿಲ್ಲುತ್ತೆ, ಆದರೆ ಕಣ್ಣು ಅಲ್ಲೇ ಇರುತ್ತೆ. ಭಯ ಬೆನ್ನು ತಿರುಗಿಸಿ ಓಡುತ್ತೆ. ಆ ಸ್ತ್ರೀಯರು ದೂರ ನಿಂತಿದ್ರು, ನಿಜ, ಆದರೆ ಸಮಾಧಿ ಎಲ್ಲಿದೆ ಅಂತ ನೋಡ್ಕೊಂಡು ಹೋದ್ರು.

ಕಳೆದ ವರ್ಷ ಏಪ್ರಿಲ್ 19ರಂದು ಚೆನ್ನೈನಲ್ಲಿ ಕೊರೊನಾದಿಂದ ಒಬ್ಬ ನ್ಯೂರೋಸರ್ಜನ್ ತೀರಿಕೊಂಡ್ರು, ಕ್ರೈಸ್ತ ವಿಶ್ವಾಸಿ. ಹೂಳೋಕೆ ಹೋದಾಗ ಜನ ಗುಂಪು ಸೇರಿ ತಡೆದ್ರು. ಕಲ್ಲು, ದೊಣ್ಣೆ. ಆಂಬುಲೆನ್ಸಿನ ಗಾಜು ಒಡೆದ್ರು. ಕೊನೆಗೆ ರಾತ್ರಿ ಅವರ ಜೊತೆ ಕೆಲಸ ಮಾಡ್ತಿದ್ದ ಡಾಕ್ಟರೇ ಆಸ್ಪತ್ರೆಯ ಕೆಲವು ಸಹಾಯಕರ ಜೊತೆ ಸೇರಿ ಮಣ್ಣು ಮಾಡಬೇಕಾಯ್ತು. ನಮ್ಮ ರಾಜ್ಯದಲ್ಲೇ, ಕಳೆದ ಜೂನ್ ಕೊನೆಯಲ್ಲಿ ಬಳ್ಳಾರಿಯಿಂದ ಒಂದು ವಿಡಿಯೋ ಬಂತು. ದೇಹಗಳನ್ನು ಒಂದೇ ಗುಂಡಿಗೆ ಎಸೀತಿದ್ದ ವಿಡಿಯೋ. ಜಿಲ್ಲಾಧಿಕಾರಿ ಕ್ಷಮೆ ಕೇಳಿದ್ರು. ಇನ್ನು ಈ ವಾರ, ಜೂನ್ 2ರಂದು, ಯಾರೂ ಬಂದು ತಗೊಳ್ಳದೆ ಉಳಿದಿದ್ದ ನೂರಾರು ಜನರ ಚಿತಾಭಸ್ಮವನ್ನು ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ವಿಸರ್ಜನೆ ಮಾಡಿತು. ಅವರೆಲ್ಲರ ಮನೆಯವರು ಕಟುಕರು ಅಂತ ನಾನು ಹೇಳಲ್ಲ. ಕೆಲವರು ಐಸಿಯುನಲ್ಲಿದ್ರು, ಕೆಲವರು ಊರಿಗೆ ಬರೋಕೆ ಆಗಲಿಲ್ಲ. ಆದರೆ ಬೂದಿಗೂ ಹೆದರಿದವರು ಇದ್ದಿರಬಹುದು. ಬೂದಿಯಿಂದ ಏನೂ ಆಗಲ್ಲ ಅಂತ ಅವರಿಗೆ ಯಾರಾದ್ರೂ ಹೇಳಬೇಕಿತ್ತು.

ಈ ಭಯದ ಮಧ್ಯೆ ಯೋಸೇಫನನ್ನು ನೋಡಿ. ಸನ್ಹೆದ್ರಿನ್ ಸಭೆಯ ಸದಸ್ಯ, ಕಳೆದುಕೊಳ್ಳೋಕೆ ಬೇಕಾದಷ್ಟು ಇದ್ದವನು. ಧೈರ್ಯ ಮಾಡಿ ಪಿಲಾತನ ಮುಂದೆ ನಿಂತು ದೇಹ ಕೇಳಿದ ಅಂತ ಮಾರ್ಕ ಬರೀತಾನೆ. ಅವನಿಗೆ ಧೈರ್ಯವೂ ಇತ್ತು, ಅನುಮತಿ ಕೇಳೋ ಕ್ರಮವೂ ಇತ್ತು. ಎರಡೂ ಒಟ್ಟಿಗೆ.

ಸಭಾ ಚರಿತ್ರೆಯಲ್ಲಿ ಇಂಥವರು ತುಂಬ ಜನ ಇದ್ದಾರೆ. ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಭಯಂಕರ ವ್ಯಾಧಿ ಬಂದಾಗ ಅಲ್ಲಿನ ಬಿಷಪ್ ದಿಯೊನೀಸಿಯಸ್ ಒಂದು ಪತ್ರ ಬರೆದರು. ವಿಶ್ವಾಸಿಗಳು ರೋಗಿಗಳ ಸೇವೆ ಮಾಡಿದ್ದು, ಸತ್ತವರ ಕಣ್ಣು ಮುಚ್ಚಿ, ದೇಹ ತೊಳೆದು, ಬಟ್ಟೆ ಸುತ್ತಿ ಹೂಳಿದ್ದು, ಸ್ವಲ್ಪ ದಿನಕ್ಕೆ ಅವರೂ ಸತ್ತದ್ದು ಎಲ್ಲ ಅದರಲ್ಲಿದೆ. ಅವರ ಪ್ರೀತಿ ನಮಗೆ ಬೇಕು. ಆದರೆ ರೋಗ ಹೇಗೆ ಹರಡುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಡ್ಕೊಂಡ್ರೆ ಅದು ತ್ಯಾಗ ಅಲ್ಲ.

1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ಊರು ಬಿಟ್ಟು ಹೋಗಲಿಲ್ಲ. ಪ್ಲೇಗಿನಿಂದ ಓಡಿಹೋಗಬಹುದಾ ಅಂತ ಕೇಳಿದ್ದವರಿಗೆ ಅವರು ಬರೆದ ಉತ್ತರದ ಸಾರ ಇಷ್ಟು: ದೇವರಿಗೆ ಪ್ರಾರ್ಥಿಸ್ತೀನಿ, ಮನೆಗೆ ಹೊಗೆ ಹಾಕ್ತೀನಿ, ಔಷಧಿ ತಗೊಳ್ತೀನಿ, ನನ್ನ ಅಗತ್ಯ ಇಲ್ಲದ ಕಡೆ ಹೋಗಲ್ಲ, ನನ್ನ ನಿರ್ಲಕ್ಷ್ಯದಿಂದ ಇನ್ನೊಬ್ಬ ಸಾಯಬಾರದು, ಆದರೆ ನೆರೆಯವನಿಗೆ ನಾನು ಬೇಕು ಅಂದ್ರೆ ಹೋಗ್ತೀನಿ. ಅದೇ ಪತ್ರದ ಕೊನೆಯಲ್ಲಿ ಸಮಾಧಿ ಸ್ಥಳ ಊರಿನ ಹೊರಗೆ ಇರೋದು ಒಳ್ಳೇದು ಅಂತಲೂ ಬರೀತಾರೆ. ಪ್ರಾರ್ಥನೆ, ಔಷಧಿ, ನೆರೆಯವನ ಸೇವೆ, ಸಿಮೆಟ್ರಿಯ ವ್ಯವಸ್ಥೆ, ಎಲ್ಲ ಒಂದೇ ಪತ್ರದಲ್ಲಿ. ಅದು ನನಗೆ ಬಹಳ ಇಷ್ಟ.

ನಮ್ಮ ಬೆಂಗಳೂರಲ್ಲೇ ಈ ವರ್ಷ ಮರ್ಸಿ ಏಂಜಲ್ಸ್ ಅನ್ನೋ ಸ್ವಯಂಸೇವಕರ ಗುಂಪು ಕೋವಿಡ್‌ನಿಂದ ಸತ್ತವರನ್ನು ಗೌರವದಿಂದ ಮಣ್ಣು ಮಾಡೋ ಕೆಲಸ ಮಾಡ್ತಿದೆ. ಬಿಸಿಲಲ್ಲಿ ಪಿಪಿಇ ಕಿಟ್ ಒಳಗೆ ನಿಂತು. ಒಂದು ಸಾರಿ ಆ ಕಿಟ್ ಹಾಕ್ಕೊಂಡು ಅರ್ಧ ಗಂಟೆ ನಿಂತು ನೋಡಿ, ಅವರಿಗೋಸ್ಕರ ಪ್ರಾರ್ಥನೆ ತಾನಾಗೇ ಬರುತ್ತೆ.

ಆಫ್ರಿಕಾದಿಂದ ಒಂದು ಪಾಠ ಹೇಳಿ ಮುಂದೆ ಹೋಗ್ತೀನಿ. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಬಂದಿತ್ತು. ಅದು ಕೊರೊನಾ ಥರ ಅಲ್ಲ, ಅಲ್ಲಿ ಮೃತದೇಹವೇ ಬಹಳ ಅಪಾಯ. ಹೊಸ ಸೋಂಕಿನಲ್ಲಿ ಕನಿಷ್ಠ ಶೇಕಡಾ 20ರಷ್ಟು ಹೂಳುವಾಗ ಬರ್ತಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮೊದಲು ಬಿಳಿ ಸೂಟಿನವರು ಬಂದು ದೇಹ ಎತ್ಕೊಂಡು ಹೋಗ್ತಿದ್ರು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಎಲ್ಲ ದೇಹ ಸುಡಬೇಕು ಅಂದ್ರು. ಜನ ಏನು ಮಾಡಿದ್ರು? ರೋಗಿಗಳನ್ನು ಮನೆಯಲ್ಲೇ ಬಚ್ಚಿಟ್ರು, ರಾತ್ರಿ ಗುಟ್ಟಾಗಿ ಹೂತ್ರು. ರೋಗ ಇನ್ನೂ ಹರಡಿತು. ಆಮೇಲೆ ನವೆಂಬರಲ್ಲಿ ಸಂಸ್ಥೆ ಹೊಸ ಕ್ರಮ ತಂತು. ಬರೀ ಸುರಕ್ಷಿತ ಅಲ್ಲ, ಸುರಕ್ಷಿತ ಮತ್ತು ಗೌರವಯುತ ಅಂತ. ಮನೆಯವರನ್ನು ಕೇಳಿ, ಪಾಸ್ಟರನ್ನೋ ಇಮಾಮರನ್ನೋ ಕರೆಸಿ, ಪ್ರಾರ್ಥನೆಗೆ ಸಮಯ ಕೊಟ್ಟು ಮಾಡಬೇಕು. ಅದನ್ನು ರೂಪಿಸುವಾಗ ಚರ್ಚುಗಳ ಒಕ್ಕೂಟವೂ, ಮುಸ್ಲಿಂ ಸೇವಾ ಸಂಸ್ಥೆಯೂ ಜೊತೆಗಿದ್ದವು. ಗೌರವ ಕೊಟ್ಟಾಗಲೇ ಜನ ನಿಯಮ ಪಾಲಿಸ್ತಾರೆ. ಹಾಗಾಗಿ ಮಣ್ಣಿನ ದಿನ ಪಾಸ್ಟರ್ ಕೆಲಸ ಬರೀ ಪ್ರಾರ್ಥನೆ ಹೇಳೋದಲ್ಲ. ಮನೆಯವರಿಗೂ ನಿಯಮಕ್ಕೂ ಮಧ್ಯೆ ನಿಲ್ಲೋದು.

ಈಗ ನಮ್ಮ ಸಭೆಯಲ್ಲಿ ನಾವು ಹೇಗೆ ಮಾಡ್ತಿದ್ದೀವಿ ಅಂತ ಬಿಡಿಸಿ ಹೇಳ್ತೀನಿ. ಬರ್ಕೊಳ್ಳಿ, ನಾಳೆ ನಿಮ್ಮ ಸ್ನೇಹಿತರ ಮನೆಗೂ ಬೇಕಾಗಬಹುದು.

ಸುದ್ದಿ ಬಂದ ತಕ್ಷಣ ಮೊದಲು ಆಸ್ಪತ್ರೆಯವರನ್ನು ಕೇಳಿ: ಮುಖ ತೋರಿಸೋಕೆ ಆಗುತ್ತಾ, ಎಲ್ಲಿ, ಎಷ್ಟು ಹೊತ್ತಿಗೆ? ಜಗಳ ಬೇಡ, ವಿನಯವಾಗಿ ಕೇಳಿ. ಆಮೇಲೆ ಐದು ಜನ ಯಾರು ಅಂತ ಮನೆಯವರೇ ತೀರ್ಮಾನ ಮಾಡಲಿ. ಪಾಸಿಟಿವ್ ಇರೋರು, ಜ್ವರ ಇರೋರು ಎಷ್ಟೇ ಹತ್ತಿರದವರಾಗಲಿ ಬರಬಾರದು. ವಯಸ್ಸಾದವರು, ಶುಗರ್, ಬಿಪಿ ಇರೋರು ಮನೆಯಲ್ಲೇ ಇರಲಿ. ಆ ಐದರಲ್ಲಿ ಒಬ್ಬರು ಫೋನ್ ಹಿಡಿದು ಎಲ್ಲರಿಗೂ ತೋರಿಸಲಿ. ಹೊರಗೆ, ಗಾಳಿಯಲ್ಲಿ, ಸಿಮೆಟ್ರಿಯಲ್ಲೇ ಆರಾಧನೆ, ಮನೆಯೊಳಗೆ ಬೇಡ. ಮಾಸ್ಕ್ ತೆಗೆಯಬಾರದು, ಆರಡಿ ದೂರ. ಹಾಡು ಫೋನಲ್ಲಿರೋರು ಮನೆಯಿಂದ ಹಾಡಲಿ, ಸಿಮೆಟ್ರಿಯಲ್ಲಿರೋರು ಮನಸ್ಸಲ್ಲಿ ಹಾಡಲಿ. ನಾನು ವಾಕ್ಯ ಓದಿ ಹದಿನೈದು ನಿಮಿಷದಲ್ಲಿ ಮುಗಿಸ್ತೀನಿ. ಸತ್ತವರ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಹೇಳ್ತೀನಿ. ಬಾಡಿ ಬ್ಯಾಗ್ ಮೇಲೆ ನಂಬರ್ ಇರುತ್ತೆ, ಆದರೆ ದೇವರು ಅವರನ್ನು ನಂಬರಿಂದ ಕರೆಯೋದಿಲ್ಲ. ಮಣ್ಣು ಹಾಕಿದ ಮೇಲೆ ಕೈ ತೊಳೆದು ನೇರ ಮನೆಗೆ. ಜೊತೆಯಲ್ಲಿ ಊಟ ಇಲ್ಲ, ಟೀ ಇಲ್ಲ. ಊಟವನ್ನು ಸಭೆಯ ಯೌವನಸ್ಥರು ಹದಿನಾಲ್ಕು ದಿನ ಆ ಮನೆ ಬಾಗಿಲಿಗೆ ಇಟ್ಟು ಬರ್ತಾರೆ. ಗುಂಡಿ ತೋಡೋ ಅಣ್ಣಂದಿರಿಗೆ, ಆಂಬುಲೆನ್ಸ್ ಡ್ರೈವರಿಗೆ ನೀರಿನ ಬಾಟಲಿ, ಮಾಸ್ಕ್, ಒಂದು ಥ್ಯಾಂಕ್ಸ್. ಇದನ್ನು ಮರೀಬೇಡಿ.

ಇನ್ನೊಂದು ಪ್ರಶ್ನೆ, ಕೆಲವರು ಹಿಂಜರೀತಾ ಕೇಳಿದ್ದು. "ಜಾಗ ಸಿಗಲಿಲ್ಲ, ವಿದ್ಯುತ್ ಚಿತಾಗಾರಕ್ಕೆ ಕರ್ಕೊಂಡು ಹೋದ್ರು. ಅಮ್ಮನ್ನ ಸುಟ್ರು. ಪುನರುತ್ಥಾನದಲ್ಲಿ ಏನಾಗುತ್ತೆ?" 1 ಸಮುವೇಲ 31 ಓದಿ. ಸೌಲನ ದೇಹವನ್ನು ಶತ್ರುಗಳು ಗೋಡೆಗೆ ನೇತುಹಾಕಿದ್ರು. ಯಾಬೇಷ್ ಗಿಲ್ಯಾದಿನ ಶೂರರು ರಾತ್ರಿಯೆಲ್ಲಾ ನಡೆದು ಹೋಗಿ ಇಳಿಸಿ ತಂದು, ಸುಟ್ಟು, ಎಲುಬುಗಳನ್ನು ಹೂಣಿಟ್ಟು, ಏಳು ದಿನ ಉಪವಾಸ ಮಾಡಿದ್ರು. ದಾವೀದ ಅವರನ್ನು ಆಶೀರ್ವದಿಸಿದ. ಕ್ರಿಸ್ತಶಕ 177ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಮ್ಮ ವಿಶ್ವಾಸಿಗಳನ್ನು ಕೊಂದು, ಇವರು ಎದ್ದು ಬರಬಾರದು ಅಂತಲೇ ದೇಹ ಸುಟ್ಟು ಬೂದಿಯನ್ನು ರೋನ್ ನದಿಗೆ ಹಾಕಿದ್ರು. ಹಾಗಂತ ದೇವರ ಕೈ ಮೋಟಾಯಿತಾ? ಮಣ್ಣಿಂದ ಮನುಷ್ಯನನ್ನು ಮಾಡಿದವರಿಗೆ ಬೂದಿ ಕಷ್ಟ ಅಲ್ಲ. ನಿಮ್ಮ ಅಮ್ಮ ಕರ್ತನ ಕೈಯಲ್ಲಿದ್ದಾರೆ. ಹಲ್ಲೆಲೂಯಾ.

ಕೊನೆಗೆ, ಮುಖ ನೋಡದೆ ಉಳಿದವರಿಗೆ. 24ನೇ ಅಧ್ಯಾಯ, ಮೊದಲ ವಚನ. ವಾರದ ಮೊದಲನೆಯ ದಿನ, ಇನ್ನೂ ಬೆಳಕು ಹರಿಯುತ್ತಿರುವಾಗ ಆ ಸ್ತ್ರೀಯರು ಸುಗಂಧದ್ರವ್ಯ ತಗೊಂಡು ಬಂದ್ರು. ಶುಕ್ರವಾರ ಅರ್ಧಕ್ಕೆ ನಿಂತ ಅಂತ್ಯಕ್ರಿಯೆಯನ್ನು ಪೂರ್ತಿ ಮಾಡೋಕೆ ಬಂದ್ರು. ತಡವಾಯ್ತು, ಇನ್ನೇನು ಪ್ರಯೋಜನ ಅಂತ ಸುಗಂಧವನ್ನು ಬಿಸಾಡಲಿಲ್ಲ. ಕಾಪಾಡಿ ಇಟ್ಕೊಂಡ್ರು.

ನಿಮ್ಮದೂ ಅರ್ಧಕ್ಕೆ ನಿಂತಿದೆ. ಮಾಡಬೇಕು ಅಂದ್ಕೊಂಡಿದ್ದು ಮಾಡೋಕೆ ಆಗಲಿಲ್ಲ. ಅದನ್ನು ಬಿಸಾಡಬೇಡಿ, ನುಂಗ್ಕೊಳ್ಳಲೂ ಬೇಡಿ. ಅಪ್ಪನ ಬಗ್ಗೆ ಹೇಳಬೇಕಾಗಿದ್ದನ್ನು ಒಂದು ಕಾಗದದಲ್ಲಿ ಬರೆದಿಡಿ. ಫೋಟೋ, ವಾಯ್ಸ್ ಮೆಸೇಜ್ ಒಂದು ಕಡೆ ಸೇರಿಸಿಡಿ. ನಿಯಮ ಸಡಿಲ ಆಗಿ, ಸೇರೋದು ಸುರಕ್ಷಿತ ಅಂದ ದಿನ, ನಮ್ಮ ಸಭೆಯಲ್ಲಿ ಈ ಅಲೆಯಲ್ಲಿ ಹೋದ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಸ್ಮಾರಕ ಆರಾಧನೆ ಇಡ್ತೀವಿ. ಎಲ್ಲರಿಗೂ ಸೇರಿಸಿ ಒಂದೇ ಅಲ್ಲ. ಅವತ್ತು ಬಾಯಿ ತುಂಬ ಹಾಡೋಣ, ಅಪ್ಪಿಕೊಳ್ಳೋಣ, ಅಜ್ಜಿಯ ಹೆಸರಲ್ಲಿ ಎಲ್ಲರಿಗೂ ಅನ್ನ ಹಾಕೋಣ. ಅಲ್ಲಿವರೆಗೆ ಸಬ್ಬತ್ತಿನ ಆ ಸ್ತ್ರೀಯರ ಹಾಗೆ ಕಾಯೋಣ. ರಾತ್ರಿ ನಿದ್ದೆ ಬರದಷ್ಟು ಭಾರ ಇದ್ರೆ ಫೋನ್ ಮಾಡಿ. ಕೌನ್ಸೆಲರನ್ನು ನೋಡೋದೂ ನಂಬಿಕೆಯ ಕೊರತೆ ಅಲ್ಲ.

ಲಾಜರನ ಸಮಾಧಿ ಹತ್ತಿರ ಯೇಸು ತಡವಾಗಿ ಬಂದ್ರು, ನಾಲ್ಕು ದಿನ ಆಗಿತ್ತು. ನೀನು ಇಲ್ಲಿ ಇದ್ದಿದ್ರೆ ಅಂತ ಮಾರ್ಥಳೂ ಮರಿಯಳೂ ಕೇಳಿದ್ರು. ಆ ಪ್ರಶ್ನೆಗೆ ಯೇಸು ಬೈಯಲಿಲ್ಲ. ಅತ್ತರು. ಇನ್ನು ಸ್ವಲ್ಪ ಹೊತ್ತಲ್ಲಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು. ಹಾಗಾಗಿ ನಿರೀಕ್ಷೆ ಇರೋರು ಅಳಬಾರದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆ ಭಾನುವಾರ ಬೆಳಿಗ್ಗೆ ಸುಗಂಧ ತಂದ ಸ್ತ್ರೀಯರಿಗೆ ಅದನ್ನು ಹಚ್ಚೋಕೆ ದೇಹವೇ ಸಿಗಲಿಲ್ಲ. ಕಲ್ಲು ಉರುಳಿತ್ತು. ನಮ್ಮ ಸಿಮೆಟ್ರಿಗಳ ಕಲ್ಲು ಇನ್ನೂ ಹಾಗೇ ಇವೆ, ಅದು ನನಗೆ ಗೊತ್ತು. ಆದರೆ ಒಂದು ಕಲ್ಲು ಉರುಳಿದೆ, ಅದರಿಂದ ಉಳಿದವೂ ಉರುಳುತ್ತವೆ ಅಂತ ನಾವು ಕಾಯ್ತಿದ್ದೀವಿ.

ಪ್ರಾರ್ಥಿಸೋಣ. ತಂದೆಯೇ, ಮುಖ ನೋಡದೆ ಕಳುಹಿಸಿಕೊಟ್ಟ ಪ್ರತಿಯೊಬ್ಬರನ್ನೂ ನಿನ್ನ ಕೈಗೆ ಒಪ್ಪಿಸ್ತೀವಿ. ಅವರ ಹೆಸರು ನಿನಗೆ ಗೊತ್ತು. ಕಾಯ್ತಿರೋ ಮಕ್ಕಳ, ತಾಯಂದಿರ ಮನಸ್ಸಿನಿಂದ ಅಪರಾಧಿ ಭಾವನೆ ತೆಗೆದುಹಾಕು. ಸಿಮೆಟ್ರಿಯಲ್ಲಿ, ಚಿತಾಗಾರದಲ್ಲಿ ಕೆಲಸ ಮಾಡೋರನ್ನು, ಆಸ್ಪತ್ರೆಯ ಸಿಬ್ಬಂದಿಯನ್ನು ಕಾಪಾಡು. ನಮಗೆ ಯೋಸೇಫನ ಧೈರ್ಯ ಕೊಡು, ಆ ಸ್ತ್ರೀಯರ ತಾಳ್ಮೆ ಕೊಡು. ನಮ್ಮ ದುಃಖ ಇನ್ನೊಂದು ಮನೆಯ ದುಃಖಕ್ಕೆ ಕಾರಣ ಆಗದ ಹಾಗೆ ನಮ್ಮನ್ನು ನಡೆಸು. ಪುನರುತ್ಥಾನವೂ ಜೀವವೂ ಆಗಿರುವ ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.